ಎರಡು ಅಂಕದ ಮಂಗೋಲರು

ಶಿವಮೊಗ್ಗದ ವಿನೋಬನಗರದಲ್ಲಿರುವ ನಮ್ಮ ಮನೆಯ ಜಗಲಿಗೆ ಸಂಜೆ ಹೊತ್ತು ಹತ್ತು ಮಕ್ಕಳು ಸಮಾಜ ವಿಜ್ಞಾನದ ಪಾಠಕ್ಕೆ ಬರುತ್ತಾರೆ. ಎಂಟು, ಒಂಬತ್ತನೆಯ ತರಗತಿಯವರು. ಕಳೆದ ಮಳೆಗಾಲದ ಒಂದು ಸಂಜೆ ದೆಹಲಿ ಸುಲ್ತಾನರ ಪಾಠ ನಡೆದಿತ್ತು. ಒಬ್ಬ ಹುಡುಗಿ ಎದ್ದು ನಿಂತು ಗಟ್ಟಿಯಾಗಿ ಓದುತ್ತಿದ್ದಳು. ಮಂಗೋಲರ ದಾಳಿ ಎಂಬ ಮಾತು ಬಂದದ್ದೇ ತಡ, ಹಿಂದೆ ಕುಳಿತ ಇಬ್ಬರು ಹುಡುಗರು ಕಿಸಕ್ಕನೆ ನಕ್ಕರು.

"ಏನಾಯ್ತ್ರೋ?" ಅಂದೆ.

"ಏನಿಲ್ಲ ಮಿಸ್... ಮಂಗ ಅಂತ ಬಂತು, ಅದಕ್ಕೇ..."

ಉಳಿದವರೂ ನಕ್ಕರು. ಮಕ್ಕಳ ನಗು, ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ನನಗೆ ನಗು ಬರಲಿಲ್ಲ. "ಇವತ್ತಿಗೆ ಸಾಕು, ಮನೆಗೆ ಹೋಗಿ" ಎಂದುಬಿಟ್ಟೆ. ಮಳೆಯಲ್ಲಿ ಕೊಡೆ ಬಿಚ್ಚಿಕೊಂಡು ಹೋಗುವಾಗ ಅವರೆಲ್ಲ ನನ್ನನ್ನು ತಿರುಗಿ ತಿರುಗಿ ನೋಡಿದರು. ಮಿಸ್ಸಿಗೆ ಏನಾಯಿತು ಎಂದು ಅವರಿಗೆ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ? ನಾನು ಯಾರಿಗೂ ಹೇಳಿರಲಿಲ್ಲವಲ್ಲ.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ನೌಕರ. ಹುತ್ತಾ ಕಾಲೋನಿಯ ಕ್ವಾರ್ಟರ್ಸಿನಲ್ಲಿ ನಮ್ಮ ವಾಸ. 1964ರಲ್ಲಿ ನನ್ನ ತಮ್ಮ ಹುಟ್ಟಿದ. ಮೂರನೆಯ ದಿನ ಡಾಕ್ಟರು ಬಂದು ಮಗುವಿನ ಕಣ್ಣು, ಕತ್ತು, ಅಂಗೈಗೆರೆ ಎಲ್ಲ ನೋಡಿ ಇಂಗ್ಲಿಷಿನಲ್ಲಿ ಏನೋ ಹೇಳಿ ಹೋದರಂತೆ. ನಾಲ್ಕನೆಯ ಕ್ಲಾಸು ಓದಿದ್ದ ಅಮ್ಮನ ಕಿವಿಗೆ ಬಿದ್ದದ್ದು 'ಮಂಗಳ' ಎಂದು. "ಮಗು ಮಂಗಳ ಅಂದ್ರು ಡಾಕ್ಟ್ರು" ಎಂದು ಬಂದವರಿಗೆಲ್ಲ ಹೇಳಿಕೊಂಡು ಅಮ್ಮ ಸಂತೋಷಪಟ್ಟಳು. ಹದಿನೈದು ದಿನ ಕಳೆದ ಮೇಲೆ ಆಫೀಸಿನಲ್ಲಿ ಗುಮಾಸ್ತರಾಗಿದ್ದ ಸೋದರಮಾವ ಬಂದು ಚೀಟಿ ಓದಿದರು. "ಮಂಗಳ ಅಲ್ಲ ಅಕ್ಕಾ, ಮಂಗೋಲ್ ಅಂತ ಬರೆದಿದಾರೆ." "ಹಂಗಂದ್ರೆ ಏನೋ?" ಅದು ಮಾವನಿಗೂ ಗೊತ್ತಿರಲಿಲ್ಲ. ಬುದ್ಧಿ ಬೆಳೆಯದ ಮಗು ಎಂದು ತಿಳಿಯುವ ಹೊತ್ತಿಗೆ ಒಂದು ವರ್ಷ ಆಗಿತ್ತು.

ಬೀದಿಯ ಹುಡುಗರಿಗೆ ಈ ಶಬ್ದ ಹೇಗೆ ಸಿಕ್ಕಿತೋ ಕಾಣೆ. ಅವರು ಅದನ್ನು ಚಿಕ್ಕದು ಮಾಡಿ 'ಮಂಗ' ಎಂದು ಕರೆದರು. ನನ್ನ ತಮ್ಮ ಅದು ತನ್ನ ಇನ್ನೊಂದು ಹೆಸರೆಂದೇ ತಿಳಿದಿದ್ದ. ಕೂಗಿದವರ ಕಡೆ ತಿರುಗಿ ಬಾಯ್ತುಂಬ ನಗುತ್ತಿದ್ದ. ಕಾರ್ಖಾನೆಯ ಸೈರನ್ ಕೇಳಿದರೆ ಅಪ್ಪನ ಊಟದ ಕ್ಯಾರಿಯರ್ ಹಿಡಿದು ಗೇಟಿನವರೆಗೆ ತಪ್ಪದೆ ಹೋಗುತ್ತಿದ್ದ. ಇಪ್ಪತ್ತೇಳು ವರ್ಷ ಬದುಕಿದ. 1991ರಲ್ಲಿ ತೀರಿಕೊಂಡ.

ಈಗ ಆ ಶಬ್ದದ ಕಥೆ ಕೇಳಿ. 1866ರಲ್ಲಿ ಇಂಗ್ಲೆಂಡಿನ ಲ್ಯಾಂಗ್ಡನ್ ಡೌನ್ ಎಂಬ ವೈದ್ಯ ಇಂಥ ಮಕ್ಕಳ ಬಗ್ಗೆ ಬರೆಯುತ್ತ, ಅವರ ಮುಖ ಮಂಗೋಲ ಜನರ ಮುಖದ ಹಾಗಿದೆ ಎಂದ. ಬಿಳಿಯರ ಜನಾಂಗ ಮೇಲಿನದು, ಉಳಿದವರದು ಕೆಳಗಿನದು ಎಂದು ವಿದ್ವಾಂಸರೇ ನಂಬಿದ್ದ ಕಾಲ ಅದು. ಬುದ್ಧಿ ಕಡಿಮೆಯಾದರೆ ಮನುಷ್ಯ ಕೆಳಗಿನ ಜನಾಂಗಕ್ಕೆ ಇಳಿಯುತ್ತಾನೆ ಎಂಬ ಅಹಂಕಾರ ಆ ಹೆಸರಿನಲ್ಲಿತ್ತು. ನಿಜವಾದ ಕಾರಣ ಒಂದು ಹೆಚ್ಚಿನ ವರ್ಣತಂತು ಎಂದು 1959ರಲ್ಲಿ ಗೊತ್ತಾಯಿತು. ಯಾವ ದೇಶದಲ್ಲಾದರೂ, ಯಾವ ತಾಯಿಗಾದರೂ ಅಂಥ ಮಗು ಹುಟ್ಟಬಹುದು. 1965ರಲ್ಲಿ, ಅಂದರೆ ನನ್ನ ತಮ್ಮ ಹುಟ್ಟಿದ ಮರುವರ್ಷ, ಮಂಗೋಲಿಯಾ ದೇಶದವರು ವಿಶ್ವ ಆರೋಗ್ಯ ಸಂಸ್ಥೆಯ ಮುಂದೆ ಈ ಹೆಸರನ್ನು ಬಿಡಿ ಎಂದು ಕೇಳಿಕೊಂಡರು. ಸಂಸ್ಥೆ ಬಿಟ್ಟಿತು. ಆದರೆ ನಮ್ಮಲ್ಲಿ ಡಾಕ್ಟರ ಬಾಯಿಂದ, ಪುಸ್ತಕದಿಂದ, ಬೀದಿಯಿಂದ ಅದು ಹೋಗಲು ಇನ್ನೂ ಎಷ್ಟೋ ವರ್ಷ ಬೇಕಾಯಿತು. ಒಂದು ಇಡೀ ಜನರ ಹೆಸರನ್ನು ಬೈಗುಳ ಮಾಡಿ, ಆ ಬೈಗುಳವನ್ನು ಏನೂ ಅರಿಯದ ಒಂದು ಮಗುವಿನ ತಲೆಗೆ ಕಟ್ಟಿದ್ದರು. ಇಬ್ಬರಿಗೂ ಅನ್ಯಾಯ.

ಇಷ್ಟು ಹೇಳಿದ ಮೇಲೆ ನಾನು ದೊಡ್ಡ ಸಾಧ್ವಿ ಎಂದುಕೊಳ್ಳಬೇಡಿ. ಮೂವತ್ತೈದು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡಿದ ನಾನು "ಕ್ರೂರಿಗಳೂ ಅನಾಗರಿಕರೂ ಆದ ಮಂಗೋಲರು" ಎಂದೇ ಬರೆಸಿದವಳು. ಹಾಗೆ ಬರೆದವರಿಗೆ ಎರಡಕ್ಕೆ ಎರಡು ಅಂಕ ಕೊಟ್ಟವಳು. ಮನೆಯಲ್ಲಿ ಆ ಹೆಸರಿನಿಂದ ಅತ್ತು, ಶಾಲೆಯಲ್ಲಿ ಅದೇ ಹೆಸರನ್ನು ಹಲಗೆಯ ಮೇಲೆ ಬರೆದು ಅಡಿಗೆರೆ ಎಳೆಯುತ್ತಿದ್ದೆ. ಎರಡಕ್ಕೂ ಸಂಬಂಧವಿದೆ ಎಂದು ತೋರಲೇ ಇಲ್ಲ.

ನಿವೃತ್ತಿಗೆ ಮೂರು ನಾಲ್ಕು ವರ್ಷ ಇರುವಾಗ ಒಮ್ಮೆ ಸಹೋದ್ಯೋಗಿಯೊಬ್ಬರ ಹತ್ತಿರ, "ಈ ಮಂಗೋಲರ ಬಗ್ಗೆ ಮಕ್ಕಳಿಗೆ ಮೂರು ಪೀರಿಯಡ್ ಸರಿಯಾಗಿ ಹೇಳಬೇಕು ಅನ್ಸುತ್ತೆ" ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, "ಎರಡು ಮಾರ್ಕಿಗೆ ಮೂರು ಪೀರಿಯಡ್ಡಾ ಮೇಡಂ? ಸಿಲಬಸ್ ಯಾರು ಮುಗಿಸೋರು? ನಮ್ಮ ಮಕ್ಕಳಿಗೆ ಮಂಗೋಲರು ಏನಾಗಬೇಕು?" ಎಂದರು.

ಏನಾಗಬೇಕು? ಈ ಬರಹ ಆ ಪ್ರಶ್ನೆಗೆ ನಾನು ಅಂದು ಕೊಡದೆ ಬಂದ ಉತ್ತರ.

ಮೊದಲನೆಯದಾಗಿ, ಮಕ್ಕಳು ತಮಗೆ ಹೇಳದೇ ಬಿಟ್ಟದ್ದನ್ನು ಖಾಲಿ ಇಟ್ಟುಕೊಳ್ಳುವುದಿಲ್ಲ. ಎಲ್ಲಿಂದಲೋ ತಂದು ತುಂಬಿಕೊಳ್ಳುತ್ತಾರೆ. ಆ ಮಳೆಯ ಸಂಜೆಯಾದ ಮಾರನೆಯ ದಿನ ಹತ್ತು ಮಕ್ಕಳಿಗೂ ಒಂದು ಪ್ರಶ್ನೆ ಕೇಳಿದೆ: ಚೆಂಗಿಸ್ ಖಾನ್ ಯಾವ ಧರ್ಮದವನು? ಒಂಬತ್ತು ಜನ ಮುಸ್ಲಿಂ ಎಂದರು. "ಖಾನ್ ಅಂದ ಮೇಲೆ ಮತ್ತೇನು ಮಿಸ್?" ಹತ್ತನೆಯವಳು ಮುಸ್ಲಿಂ ಹುಡುಗಿ. ಅವಳು ಮಾತಾಡದೆ ತಲೆ ತಗ್ಗಿಸಿ ಕುಳಿತಿದ್ದಳು. ಚೆಂಗಿಸ್ ಖಾನನ ಪಾಪವನ್ನೆಲ್ಲ ತಾನೇ ಹೊತ್ತವಳ ಹಾಗೆ.

ಆ ತಗ್ಗಿದ ತಲೆ ನೋಡಿ ನನಗೆ ನಾಚಿಕೆಯಾಯಿತು. ಚೆಂಗಿಸ್ ಖಾನ್ ಮುಸ್ಲಿಮನಲ್ಲ. ತೆಂಗ್ರಿ ಎಂದು ಕರೆಯುವ ನೀಲಿ ಆಕಾಶವನ್ನು ಪೂಜಿಸಿದವನು. ಖಾನ್ ಎಂಬುದು ಆಗ ಧರ್ಮದ ಹೆಸರೇ ಅಲ್ಲ, ಹುಲ್ಲುಗಾವಲಿನ ಒಡೆಯರ ಬಿರುದು. ಅವನ ಸೇನೆಯ ಕೈಯಲ್ಲಿ ಎಲ್ಲರಿಗಿಂತ ಹೆಚ್ಚು ನೊಂದವರಲ್ಲಿ ಮಧ್ಯ ಏಷ್ಯಾದ ಮುಸ್ಲಿಂ ಊರುಗಳ ಜನ ಸೇರಿದ್ದರು. ಬುಖಾರಾ, ಸಮರಕಂದ, ಮರ್ವ್, ನಿಶಾಪುರ ಎಲ್ಲ ಹಾಳಾದವು. ಅವನ ಮೊಮ್ಮಗ ಹುಲಗು 1258ರಲ್ಲಿ ಬಾಗ್ದಾದನ್ನು ಸೂರೆಮಾಡಿ ಖಲೀಫನನ್ನೇ ಕೊಂದ. ಅತ್ತ ದೆಹಲಿಯ ಬಾಗಿಲಲ್ಲಿ ಮಂಗೋಲರನ್ನು ತಡೆದು ನಿಂತವರು ಬಲ್ಬನ್, ಅಲ್ಲಾವುದ್ದೀನ್ ಖಿಲ್ಜಿಯರ ಸೈನ್ಯ. ಇದನ್ನು ಹೇಳಿದಾಗ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಆ ಹುಡುಗಿ ನಿಧಾನವಾಗಿ ತಲೆ ಎತ್ತಿದಳು.

ನಮ್ಮ ಶಿವಮೊಗ್ಗ ಎಂಥ ಊರು ಎಂದು ನಿಮಗೆ ಗೊತ್ತು. 2022ರ ಫೆಬ್ರವರಿಯಲ್ಲಿ ಒಂದು ಕೊಲೆಯಾಗಿ, ಗಲಾಟೆಯೆದ್ದು, ನಿಷೇಧಾಜ್ಞೆ ಹಾಕಿ, ಶಾಲೆಗಳಿಗೆ ರಜೆ ಕೊಟ್ಟರು. ಇಂಥ ಊರಿನಲ್ಲಿ ಇತಿಹಾಸದ ಒಂದು ತಪ್ಪು ತಿಳುವಳಿಕೆ ಬರೀ ಎರಡು ಅಂಕದ ವಿಷಯವಲ್ಲ. ಮುಂದಿನ ಬೆಂಚಿನ ಹುಡುಗ ಪಕ್ಕದ ಬೆಂಚಿನ ಹುಡುಗಿಯನ್ನು ಯಾವ ಕಣ್ಣಿನಿಂದ ನೋಡುತ್ತಾನೆ ಎಂಬ ವಿಷಯ. ಮಂಗೋಲರನ್ನು ಬಿಟ್ಟು ಮುಂದೆ ಹೋಗುವ ಮೇಷ್ಟರಿಗೆ ಇದು ಗೊತ್ತಿರಬೇಕು.

ಇನ್ನು ಎರಡನೆಯ ಆಕ್ಷೇಪ. ಇದು ನನ್ನ ಸ್ವಂತ ಅಕ್ಕನೇ ಕೇಳಿದ್ದು. "ಅಲ್ಲ ಕಣೇ, ಲಕ್ಷಗಟ್ಟಲೆ ಜನರನ್ನು ಕೊಂದವನನ್ನ ಮಕ್ಕಳ ಮುಂದೆ ಹೊಗಳ್ತೀಯಾ?" ಹೊಗಳುವುದಿಲ್ಲ. ಕೊಂದದ್ದನ್ನು ಒಂದು ಸಾಲೂ ಮುಚ್ಚಿಡುವುದಿಲ್ಲ. ಹದಿಮೂರು ಹದಿನಾಲ್ಕರ ಮಕ್ಕಳಿಗೆ ಅಷ್ಟು ಸತ್ಯ ತಡೆದುಕೊಳ್ಳುವ ಶಕ್ತಿ ಇದೆ. ಅವರು ಫೋನಿನಲ್ಲಿ ನೋಡುವುದು ಇದಕ್ಕಿಂತ ಭಯಂಕರ. ಆದರೆ ಕೊಂದರು ಎನ್ನುವುದು ಮಾತ್ರವೇ ಒಂದು ಜನರ ಇತಿಹಾಸವಾದರೆ, ಯಾವ ರಾಜ ಉಳಿದಾನು? ನಾವು ಕಳಿಂಗದ ಕಥೆ ಹೇಳಿ ಅಶೋಕನನ್ನು ಬಿಟ್ಟುಬಿಡುತ್ತೇವೆಯೆ? ಆಮೇಲಿನದನ್ನೂ ಹೇಳುತ್ತೇವೆ. ಹಾಗೆ ಇವರದನ್ನೂ ಹೇಳಿ ಎಂಬುದಷ್ಟೇ ನನ್ನ ತಕರಾರು.

ನಾನು ಹೇಳುವ ಕ್ರಮ ಇದು. ಕುದುರೆ, ಕತ್ತಿಯಿಂದ ಶುರುಮಾಡುವುದಿಲ್ಲ. ಒಬ್ಬ ತಾಯಿಯಿಂದ ಶುರುಮಾಡುತ್ತೇನೆ. ಅವಳ ಹೆಸರು ಹೊಯೆಲುನ್. ಗಂಡನಿಗೆ ಶತ್ರುಗಳು ವಿಷವಿಕ್ಕಿದರು. ಗಂಡ ಸತ್ತ ಮೇಲೆ ಕುಲದವರು ದನಕರುಗಳನ್ನೆಲ್ಲ ಹೊಡೆದುಕೊಂಡು ಇವಳನ್ನೂ ಮಕ್ಕಳನ್ನೂ ಬಯಲಿನಲ್ಲಿ ಬಿಟ್ಟು ಹೊರಟುಹೋದರು. ಸೆರಗು ಕಟ್ಟಿಕೊಂಡು, ನದಿಯ ದಂಡೆಯಲ್ಲಿ ಕಾಡುಹಣ್ಣು ಆರಿಸಿ, ಗೆಡ್ಡೆ ಅಗೆದು, ಕಾಡು ಈರುಳ್ಳಿ ಕಿತ್ತು ಮಕ್ಕಳನ್ನು ಸಾಕಿದಳು ಎಂದು ಮಂಗೋಲರದೇ ಹಳೆಯ ಗ್ರಂಥ 'ಮಂಗೋಲರ ರಹಸ್ಯ ಇತಿಹಾಸ' ಹೇಳುತ್ತದೆ. ಆ ಮಕ್ಕಳಲ್ಲಿ ದೊಡ್ಡವನೇ ತೆಮುಜಿನ್. ಅವನೇ ಮುಂದೆ 1206ರಲ್ಲಿ ಚೆಂಗಿಸ್ ಖಾನ್ ಎಂಬ ಬಿರುದು ಪಡೆದವನು. ಗಂಡ ಸತ್ತ ಹೆಂಗಸನ್ನು ಬಂಧುಗಳೇ ಆಸ್ತಿ ಕಿತ್ತುಕೊಂಡು ಹೊರಗೆ ಹಾಕುವ ಕಥೆ ನಮ್ಮ ಊರಿನ ಹೆಂಗಸರಿಗೆ ಹೊಸದೇನು? ಈ ಭಾಗ ಹೇಳುವಾಗ ನನ್ನ ಮನೆ ಕೆಲಸಕ್ಕೆ ಬರುವ ಹೆಂಗಸು ಪೊರಕೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು. "ಆಮೇಲೆ ಏನಾಯ್ತಮ್ಮ ಆ ಯಮ್ಮಂಗೆ?" ಎಂದು ಮಕ್ಕಳಿಗಿಂತ ಮೊದಲು ಕೇಳಿದಳು.

ತೆಮುಜಿನ್ ಎಂಬ ಹೆಸರಿನಲ್ಲಿ ಕಬ್ಬಿಣವಿದೆ. ಅವರ ಭಾಷೆಯಲ್ಲಿ ತೆಮುರ್ ಎಂದರೆ ಕಬ್ಬಿಣ. ಭದ್ರಾವತಿಯ ಮಕ್ಕಳಿಗೆ ಇದನ್ನು ಹೇಳಿ ನೋಡಿ, ಮರೆಯುವುದಿಲ್ಲ. ಕಾಗದದ ಊರಿನ ಮಕ್ಕಳೂ ಅವರೇ ಅಲ್ಲವೆ? ಪೇಪರ್ ಟೌನಿನ ಕಾರ್ಖಾನೆ ನಿಂತು ವರ್ಷಗಳಾದವು, ಆದರೂ ಕಾಗದ ಎಂದರೆ ಅಲ್ಲಿಯವರಿಗೆ ಒಂದು ಮಮತೆ. ಚೀನಾದಲ್ಲಿ ಮೊದಲೇ ಇದ್ದ ಕಾಗದದ ಹಣವನ್ನು ಚೆಂಗಿಸನ ಮೊಮ್ಮಗ ಕುಬ್ಲಾಯ್ ತನ್ನ ರಾಜ್ಯದುದ್ದಕ್ಕೂ ನಡೆಸಿದ. ಹಿಪ್ಪುನೇರಳೆಯ ತೊಗಟೆಯಿಂದ ಆ ನೋಟು ಮಾಡುವುದನ್ನು ಕಂಡು ಮಾರ್ಕೊ ಪೋಲೊ ಬೆರಗಾಗಿ ಬರೆದಿದ್ದಾನೆ. ಕುದುರೆ ಬದಲಿಸುವ ಠಾಣೆಗಳನ್ನಿಟ್ಟು ದೇಶದಿಂದ ದೇಶಕ್ಕೆ ಟಪಾಲು ಓಡಿಸಿದವರು ಅವರು. ಹಲವು ಧರ್ಮಗಳ ಪುರೋಹಿತರಿಗೆ ತೆರಿಗೆ ಬಿಟ್ಟವರು ಅವರು. ಕುಬ್ಲಾಯ್‌ನ ತಾಯಿ ಸೊರ್ಗಕ್ತಾನಿ ಎಂಬವಳು ಕ್ರೈಸ್ತಳು. ಆಕೆಯೂ ವಿಧವೆಯೇ. ನಾಲ್ಕು ಗಂಡುಮಕ್ಕಳನ್ನು ಬೆಳೆಸಿ, ಇಬ್ಬರನ್ನು ಮಹಾಖಾನರನ್ನಾಗಿ ಕಂಡ ಮನೆತನ ಅವಳದು. ಆ ಕ್ರೈಸ್ತ ಹೆಂಗಸು ಬುಖಾರಾದಲ್ಲಿ ಮುಸ್ಲಿಂ ಮಕ್ಕಳ ಓದಿಗೆಂದು ಮದರಸಾ ಕಟ್ಟಿಸಲು ಹಣ ಕೊಟ್ಟಳು. ಅದೇ ಊರನ್ನು ಅವಳ ಮಾವ ಸುಟ್ಟಿದ್ದ. ಎರಡನ್ನೂ ಒಂದೇ ಪಾಠದಲ್ಲಿ ಹೇಳಿ. ಮಕ್ಕಳೇ ಯೋಚನೆ ಮಾಡುತ್ತಾರೆ.

ಕಾಲವನ್ನು ಹೇಳುವಾಗ ನಮ್ಮ ನೆಲದ ಪಕ್ಕದಲ್ಲಿಟ್ಟು ಹೇಳಬೇಕು. ತೆಮುಜಿನ್ ಹುಟ್ಟಿದ್ದು 1162ರ ಆಸುಪಾಸು. ಅತ್ತ ಕಲ್ಯಾಣದಲ್ಲಿ ಬಸವಣ್ಣನವರಿದ್ದ ಕಾಲ, ನಮ್ಮ ಶಿಕಾರಿಪುರದ ಉಡುತಡಿಯ ಅಕ್ಕನ ಕಾಲ. ಅವನ ಮಕ್ಕಳು ಮೊಮ್ಮಕ್ಕಳು ಲೋಕ ಸುತ್ತುತ್ತಿದ್ದ ಆ ಹದಿಮೂರನೆಯ ಶತಮಾನದ್ದೇ ಭದ್ರಾವತಿಯ ಲಕ್ಷ್ಮೀನರಸಿಂಹ ದೇವಸ್ಥಾನ. ಅಲ್ಲಾವುದ್ದೀನ್ ದೊಡ್ಡ ಸೈನ್ಯ ಕಟ್ಟಿ ಧಾನ್ಯದ ಬೆಲೆಗೆ ಕಡಿವಾಣ ಹಾಕಿದ್ದಕ್ಕೆ ಮಂಗೋಲರ ಭಯವೂ ಕಾರಣ. ಅದೇ ಸುಲ್ತಾನನ ಸೇನೆ 1311ರಲ್ಲಿ ಮಲಿಕ್ ಕಾಫರನ ಕೈಕೆಳಗೆ ಹೊಯ್ಸಳರ ದ್ವಾರಸಮುದ್ರಕ್ಕೆ ಬಂತು. ನಮ್ಮ ಮಕ್ಕಳಿಗೆ ಮಂಗೋಲರು ಏನಾಗಬೇಕು ಎಂದು ಕೇಳಿದ ಸಹೋದ್ಯೋಗಿಗೆ ಇದು ಒಂದು ಉತ್ತರ.

ಆದರೆ ಇದಕ್ಕಿಂತ ದೊಡ್ಡ ಉತ್ತರ ನಮಗೆ ಮೂರು ನಾಲ್ಕು ತಾಸಿನ ದಾರಿಯಲ್ಲಿದೆ. ಮಂಗೋಲರು ಎಂದರೆ ಸತ್ತು ಮಣ್ಣಾದವರು ಎಂದು ನಮ್ಮ ಮಕ್ಕಳು ತಿಳಿದಿದ್ದಾರೆ. ಹಾಗೇನೂ ಇಲ್ಲ. ಅವರು ನಮ್ಮ ನೆರೆಯ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದಲ್ಲಿ ಇದ್ದಾರೆ!

ಮುಂಡಗೋಡದ ಟಿಬೆಟನ್ ನೆಲೆ ಶುರುವಾದದ್ದು 1966ರಲ್ಲಿ. ಲ್ಹಾಸಾದ ಬಳಿಯ ಡ್ರೆಪುಂಗ್ ಎಂಬ ಹಳೆಯ ವಿಹಾರವನ್ನು 1969ರಲ್ಲಿ ಅಲ್ಲಿ ಮತ್ತೆ ಕಟ್ಟಿಕೊಂಡರು. ಅದರ ಗೋಮಾಂಗ್ ಎಂಬ ವಿದ್ಯಾಲಯಕ್ಕೆ ನೂರಾರು ವರ್ಷಗಳಿಂದ ಮಂಗೋಲ ಹುಡುಗರು ಓದಲು ಬರುವ ಸಂಪ್ರದಾಯ. ಇವತ್ತೂ ಮಂಗೋಲಿಯಾದಿಂದ, ರಷ್ಯಾಕ್ಕೆ ಸೇರಿದ ಬುರಿಯಾತಿಯಾ, ಕಲ್ಮೀಕಿಯಾಗಳಿಂದ ಸನ್ಯಾಸಿ ವಿದ್ಯಾರ್ಥಿಗಳು ಮುಂಡಗೋಡಕ್ಕೆ ಬಂದು ಓದುತ್ತಾರೆ. ದಲಾಯಿ ಲಾಮಾ ಎನ್ನುವಾಗ ಆ ದಲಾಯಿ ಎಂಬ ಶಬ್ದ ಮಂಗೋಲರದು. ಸಮುದ್ರ ಎಂದು ಅರ್ಥ. 1578ರಲ್ಲಿ ಅಲ್ತಾನ್ ಖಾನ್ ಎಂಬ ಮಂಗೋಲ ಒಡೆಯ ಕೊಟ್ಟ ಬಿರುದು ಅದು. ಚಳಿಗಾಲದಲ್ಲಿ ನಮ್ಮ ಊರುಗಳಿಗೆ ಸ್ವೆಟರ್ ಮಾರಲು ಬರುವ ಟಿಬೆಟನ್ನರನ್ನು ನಾವು ಒಂದೇ ಮಾತಿನಲ್ಲಿ 'ನೇಪಾಳಿಗಳು' ಎಂದೋ 'ಚೀನಾದವರು' ಎಂದೋ ಮುಗಿಸುತ್ತೇವೆ. ಇಂಥ ನಮಗೆ ಟಿಬೆಟನ್ ಬೇರೆ, ಮಂಗೋಲ ಬೇರೆ ಎಂದು ತಿಳಿಯುವುದೆಲ್ಲಿ ಬಂತು!

ಸೇವೆಯಲ್ಲಿದ್ದಾಗ ಶಾಲೆಯ ಪ್ರವಾಸಕ್ಕೆ ಮುಂಡಗೋಡದ ಹೆಸರು ಹೇಳಿದ್ದೆ. "ಜೋಗ, ಸಕ್ರೆಬೈಲು ಇರುವಾಗ ಅಲ್ಲೇನು ನೋಡೋದು?" ಎಂದು ತಳ್ಳಿಹಾಕಿದರು. ಕಳೆದ ಡಿಸೆಂಬರಿನಲ್ಲಿ ನಾನೇ ಹಟ ಹಿಡಿದೆ. ಮಕ್ಕಳ ತಾಯಂದಿರ ಹತ್ತಿರ ಹೋಗಿ ಮಾತಾಡಿದೆ. ಒಂದು ಟೆಂಪೋ ಟ್ರಾವೆಲರ್ ಗೊತ್ತುಮಾಡಿ, ಚಿತ್ರಾನ್ನ, ಚಪಾತಿ ಕಟ್ಟಿಕೊಂಡು, ಬೆಳಗಿನ ಜಾವ ಹೊರಟೆವು. ಮೂವರು ತಾಯಂದಿರೂ ಜೊತೆಗೆ ಬಂದರು. ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿ, ಹಾನಗಲ್ ದಾಟಿ ಮುಂಡಗೋಡ ಸೇರಿದೆವು.

ವಿಹಾರದ ಅಂಗಳದಲ್ಲಿ ಕೆಂಪು ಬಟ್ಟೆಯ ಹುಡುಗರು ಎದುರುಬದುರಾಗಿ ಕೈ ಚಪ್ಪಾಳೆ ಹೊಡೆದು, ಕಾಲು ಅಪ್ಪಳಿಸಿ ಕೂಗಾಡುತ್ತಿದ್ದರು. ನಮ್ಮ ಹುಡುಗರು ಜಗಳ ಎಂದೇ ತಿಳಿದು ಹಿಂದೆ ಸರಿದರು. ಅದು ಅವರ ತರ್ಕಪಾಠ. ಒಬ್ಬ ಪ್ರಶ್ನೆ ಹಾಕುವುದು, ಕುಳಿತವನು ಉತ್ತರ ಹೇಳುವುದು. "ಇವರ ಹಾಗೆ ನಮಗೂ ಕೂಗಾಡೋಕೆ ಬಿಟ್ರೆ ನಾವೂ ಓದ್ತೀವಿ ಮಿಸ್" ಎಂದ ಅದೇ ಹಿಂದಿನ ಸಾಲಿನ ಹುಡುಗ.

ಮಂಗೋಲಿಯಾದ ಒಬ್ಬ ಹುಡುಗ ಸಿಕ್ಕಿದ. ಇಪ್ಪತ್ತು ವರ್ಷ ಇರಬಹುದು. ಅಷ್ಟಿಷ್ಟು ಹಿಂದಿ, ಸಂತೆಗೆ ಬೇಕಾದಷ್ಟು ಕನ್ನಡ. "ಎಷ್ಟು? ಜಾಸ್ತಿ ಆಯ್ತು" ಎಂದು ಅವನು ಹೇಳಿ ತೋರಿಸಿದಾಗ ತಾಯಂದಿರೆಲ್ಲ ನಕ್ಕುಬಿಟ್ಟರು. ನಿಮ್ಮ ಮನೆಯಲ್ಲಿ ಕುದುರೆ ಇದೆಯಾ ಎಂದು ಮಕ್ಕಳು ಕೇಳಿದರು. ಅಜ್ಜನಿಗೆ ಇದೆ, ಅಪ್ಪ ಉಲಾನ್‌ಬಾತರಿನಲ್ಲಿ ಬಸ್ ಡ್ರೈವರ್ ಎಂದ. "ನಮ್ಮಪ್ಪನೂ ಡ್ರೈವರ್ರೇ!" ಎಂದು ಕೆಎಸ್ಸಾರ್ಟಿಸಿ ಡ್ರೈವರೊಬ್ಬರ ಮಗಳು ಕುಣಿದಳು. ಅವನ ಊರಿನಲ್ಲಿ ಚಳಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ ಇಳಿಯುತ್ತದೆ. ಚಹಾಕ್ಕೆ ಸಕ್ಕರೆಯಲ್ಲ, ಉಪ್ಪು. ಬೇಸಿಗೆಯಲ್ಲಿ ಕುದುರೆಯ ಹಾಲನ್ನು ಹುಳಿ ಬರಿಸಿ ಕುಡಿಯುತ್ತಾರೆ. ಜುಲೈಯಲ್ಲಿ ನಾದಮ್ ಎಂಬ ಹಬ್ಬ: ಕುಸ್ತಿ, ಬಿಲ್ಲುಗಾರಿಕೆ, ಕುದುರೆ ಓಟ. ಕುಸ್ತಿ ಎಂದದ್ದೇ ನಮ್ಮ ಹುಡುಗರು ಶಿವಮೊಗ್ಗದ ಮಾರಿಕಾಂಬೆ ಜಾತ್ರೆಯ ಕುಸ್ತಿಯನ್ನು ಕೈಕಾಲು ಆಡಿಸಿ ವರ್ಣಿಸಿದರು. ಒಬ್ಬಳು ಧೈರ್ಯಮಾಡಿ, "ಚೆಂಗಿಸ್ ಖಾನ್ ಒಳ್ಳೇವನಾ ಕೆಟ್ಟವನಾ?" ಎಂದು ಕೇಳಿದಳು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ನೋಟಿನ ಮೇಲೆ ಅವನ ಚಿತ್ರ ಇದೆ. ನಾನು ಮಾತ್ರ ಇರುವೆಯನ್ನೂ ಕೊಲ್ಲುವುದಿಲ್ಲ ಎಂದು ವ್ರತ ತೊಟ್ಟಿದ್ದೇನೆ" ಎಂದ. ನನ್ನ ಮೂರು ಪೀರಿಯಡ್ಡಿನ ಪಾಠಕ್ಕಿಂತ ಅದು ದೊಡ್ಡದಾಗಿತ್ತು.

ಅವನ ಮುತ್ತಾತನೂ ಸನ್ಯಾಸಿಯಾಗಿದ್ದವನಂತೆ. 1937ರಿಂದ ಮೂರು ವರ್ಷ ಅಲ್ಲಿಯ ಸರ್ಕಾರ, ಸೋವಿಯತ್ ರಷ್ಯಾದ ಮಾತು ಕೇಳಿ, ಸಾವಿರಾರು ಲಾಮಾಗಳನ್ನು ಕೊಲ್ಲಿಸಿತು. ವಿಹಾರಗಳನ್ನು ನೆಲಸಮ ಮಾಡಿತು. ಚೆಂಗಿಸನ ಹೆಸರನ್ನು ಗಟ್ಟಿಯಾಗಿ ಹೇಳುವುದೂ ಅಪಾಯವಾಗಿದ್ದ ದಿನಗಳು ಅವು. 1990ರಲ್ಲಿ ಜನ ಬೀದಿಗಿಳಿದು, ರಕ್ತ ಹರಿಸದೆ, ಪ್ರಜಾಪ್ರಭುತ್ವ ತಂದುಕೊಂಡರು. ಲೋಕವನ್ನೇ ನಡುಗಿಸಿದವರು ಎಂದು ನಾವು ಓದುವ ಜನ ಇಪ್ಪತ್ತನೆಯ ಶತಮಾನದಲ್ಲಿ ತಾವೇ ನಡುಗಿ ಬದುಕಿದರು ಎಂದು ನಮ್ಮ ಯಾವ ಪಾಠ ಹೇಳುತ್ತದೆ?

ಅವನು ನಮ್ಮ ಹುಡುಗಿಯ ನೋಟ್ ಪುಸ್ತಕದಲ್ಲಿ ಅವಳ ಹೆಸರನ್ನು ಮಂಗೋಲ ಲಿಪಿಯಲ್ಲಿ ಬರೆದುಕೊಟ್ಟ. ಮೇಲಿಂದ ಕೆಳಗೆ, ಹೆಣೆದ ಜಡೆಯ ಹಾಗೆ ಇಳಿಯುವ ಲಿಪಿ. 1940ರ ದಶಕದಲ್ಲಿ ಆ ಲಿಪಿಯನ್ನು ಬಿಡಿಸಿ ರಷ್ಯಾದ ಅಕ್ಷರ ಹೇರಿದರು. ಈಗ ಮತ್ತೆ ತರುತ್ತಿದ್ದಾರೆ. 2025ರಿಂದ ಸರ್ಕಾರದ ಕಾಗದಪತ್ರಗಳಲ್ಲಿ ಎರಡೂ ಲಿಪಿ ಇರಬೇಕೆಂದು ಕಾನೂನು. ಗಡಿಯ ಆಚೆ, ಚೀನಾಕ್ಕೆ ಸೇರಿದ ಒಳ ಮಂಗೋಲಿಯಾದಲ್ಲಿ, ಸ್ವತಂತ್ರ ಮಂಗೋಲಿಯಾಕ್ಕಿಂತ ಹೆಚ್ಚು ಮಂಗೋಲರಿದ್ದಾರೆ. ಅಲ್ಲಿ 2020ರ ಸೆಪ್ಟೆಂಬರಿನಲ್ಲಿ ಶಾಲೆಯ ಕೆಲವು ಪಾಠಗಳನ್ನು ಮಂಗೋಲ ಭಾಷೆಯಿಂದ ಚೀನೀ ಭಾಷೆಗೆ ಬದಲಿಸಿದಾಗ, ತಾಯಿತಂದೆಯರು ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲಿ ಉಳಿಸಿಕೊಂಡರು. ಗೆಳತಿಯರೇ, ಮಕ್ಕಳ ಕನ್ನಡ ಹೋಗುತ್ತಿದೆ ಎಂದು ಸಭೆಗಳಲ್ಲಿ ನಿಟ್ಟುಸಿರು ಬಿಟ್ಟು, ಮನೆಗೆ ಬಂದು ಕಾನ್ವೆಂಟಿನ ಫೀಸು ಕಟ್ಟುವ ನಾವು ಆ ತಾಯಂದಿರಿಂದ ಕಲಿಯುವುದು ಏನೂ ಇಲ್ಲವೆ?

ಇನ್ನೊಂದು ಮಾತು ಹೇಳಬೇಕು. ಅಲ್ಲಿಯ ಕುರಿ ಕಾಯುವ ಸಂಸಾರಗಳು ಗಂಡುಮಕ್ಕಳನ್ನು ಮಂದೆಗೆ ಇಟ್ಟುಕೊಂಡು ಹೆಣ್ಣುಮಕ್ಕಳನ್ನು ಓದಲು ಕಳಿಸಿದವು. ಅದರಿಂದಾಗಿ ಕಾಲೇಜುಗಳಲ್ಲಿ ಹುಡುಗಿಯರೇ ಹೆಚ್ಚು. ಇದನ್ನು ಕೇಳಿ ನಮ್ಮ ಜೊತೆ ಬಂದ ತಾಯಿಯೊಬ್ಬಳು, "ನಮ್ಮಲ್ಲಿ ಉಲ್ಟಾ ಅಲ್ವಾ ಮಿಸ್? ಮಗನ್ನ ಓದಿಸಿ ಮಗಳ ಕೈಗೆ ಪೊರಕೆ ಕೊಡ್ತಾರೆ" ಎಂದಳು. ಅನಾಗರಿಕರು ಎಂದು ನಾನು ಬರೆಸಿದ್ದು ಯಾರನ್ನು?

ಈಗ ನೀವು ಕೇಳಬಹುದು: ಇಷ್ಟೆಲ್ಲ ತಿಳಿದು ಮಕ್ಕಳಿಗೆ ಆಗುವುದೇನು? 2012ರ ಆಗಸ್ಟ್ ನೆನಪಿಸಿಕೊಳ್ಳಿ. ಮೊಬೈಲಿನಲ್ಲಿ ಹಬ್ಬಿದ ಸುಳ್ಳು ಸುದ್ದಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಗಂಟುಮೂಟೆ ಹಿಡಿದು ನಿಂತಿದ್ದರು. ಆ ಜನ ಮಂಗೋಲರಲ್ಲ, ನಮ್ಮ ದೇಶದವರೇ. ಆದರೂ ಅವರ ಕಣ್ಣು ನೋಡಿ ನಮ್ಮ ಹುಡುಗರು ಕರೆಯುವ ಹೆಸರುಗಳನ್ನು ನಾನು ಇಲ್ಲಿ ಬರೆಯಲಾರೆ. ಅಷ್ಟು ಸುಲಭವಾಗಿ ಆ ಸುಳ್ಳನ್ನು ಅವರು ನಂಬಿದ್ದು ಏಕೆ? ಇಲ್ಲಿ ತಮ್ಮನ್ನು ಯಾರೂ ತಮ್ಮವರೆಂದುಕೊಂಡಿಲ್ಲ ಎಂದು ಅವರಿಗೆ ದಿನವೂ ಅನಿಸಿತ್ತು. ನಾಳೆ ನಿಮ್ಮ ಮಗಳು ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗಿ ಹಾಸ್ಟೆಲಿನಲ್ಲಿ ಮಣಿಪುರದ ಹುಡುಗಿಯ ಜೊತೆ ಒಂದೇ ಕೋಣೆಯಲ್ಲಿರುತ್ತಾಳೆ. ಅವಳನ್ನು ಕಂಡು ಮುಸಿಮುಸಿ ನಗುತ್ತಾಳೋ, "ಊಟ ಆಯ್ತಾ?" ಎನ್ನುತ್ತಾಳೋ ಎಂಬುದು ಹದಿಮೂರು ಹದಿನಾಲ್ಕರಲ್ಲಿ ತೀರ್ಮಾನವಾಗುತ್ತದೆ. ಅದಕ್ಕಿಂತ ಮುಂಚೆ ಹೇಳಿದರೆ ಅರ್ಥವಾಗದು, ಆಮೇಲೆ ಹೇಳಿದರೆ ನಾಟದು.

ಮೇಷ್ಟರು ಹೇಳದಿದ್ದರೆ ನೀವು ಹೇಳಿ. ಇದಕ್ಕೆ ಬಿ.ಎಡ್. ಬೇಡ. ಒಂದು ಹಳೆಯ ಅಟ್ಲಾಸ್ ಇದ್ದರೆ ಸಾಕು. ಮಂಗೋಲಿಯಾ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿ. ಭಾರತದ ಅರ್ಧದಷ್ಟು ನೆಲ, ಜನ ಮಾತ್ರ ಮೂವತ್ತೈದು ಲಕ್ಷ. ಹೊಯೆಲುನ್‌ಳ ಕಥೆ ಹೇಳಿ. ಬಾಗ್ದಾದಿನ ಕಥೆಯನ್ನೂ ಹೇಳಿ. ಖಾನ್ ಎಂದರೆ ಏನೆಂದು ಹೇಳಿ. ಮುಂಡಗೋಡಕ್ಕೆ ಒಂದು ಭಾನುವಾರ ಕರೆದುಕೊಂಡು ಹೋಗಿ. ಪಾಠ ಪುಸ್ತಕ ಬರೆಯುವವರಲ್ಲಿ ನನ್ನ ಬೇಡಿಕೆ ಇಷ್ಟೇ: ಎರಡು ಸಾಲಿನ ದಾಳಿಯ ಜೊತೆಗೆ ಎರಡು ಪುಟ ಕೊಡಿ, ಅದರಲ್ಲಿ ಒಂದು ಪುಟ ಇಂದು ಬದುಕಿರುವವರದಾಗಿರಲಿ.

ಮುಂಡಗೋಡದಿಂದ ಬಂದ ಮಾರನೆಯ ವಾರ ಮಕ್ಕಳಿಗೆ ನನ್ನ ತಮ್ಮನ ಕಥೆ ಹೇಳಿದೆ. ನಲವತ್ತು ವರ್ಷದ ಮೇಲೆ ಮೊದಲ ಸಲ, ಜನರ ಮುಂದೆ. ಅಮ್ಮ ಮಂಗಳ ಎಂದು ಕೇಳಿಸಿಕೊಂಡದ್ದನ್ನೂ ಹೇಳಿದೆ. ಯಾರೂ ನಗಲಿಲ್ಲ. ಪಾಠ ಮುಗಿದು ಎಲ್ಲರೂ ಎದ್ದ ಮೇಲೆ ಆ ಹಿಂದಿನ ಸಾಲಿನ ಹುಡುಗ ಚಪ್ಪಲಿ ಮೆಟ್ಟಿಕೊಳ್ಳುತ್ತ ನಿಂತೇ ಇದ್ದ.

"ಮಿಸ್, ನಿಮ್ಮಮ್ಮ ಸರಿಯಾಗೇ ಕೇಳಿಸ್ಕೊಂಡಿದ್ರು" ಎಂದು ಹೇಳಿ ಓಡಿಹೋದ.